ಭದ್ರಾವತಿ ಹಾಕಿ ನೋಡಿ



ಈ ಮಾತನ್ನು ಎಫ್‌ಎಂನಲ್ಲಿ ಕೇಳುತ್ತಿರುವವರಿಗೆ ನಾನು ಹೇಳಹೊರಟಿರುವ ತಾಪತ್ರಯ ಇಲ್ಲ. ಮಧ್ಯಮ ತರಂಗದಲ್ಲಿ, ಅದೂ ಕೇಂದ್ರದಿಂದ ದೂರದಲ್ಲಿ, ಅದೂ ರಾತ್ರಿ ಹೊತ್ತು ಕೇಳುವವರಿಗೆ ಸ್ವಲ್ಪ ಗೊತ್ತು. ಶಾರ್ಟ್‌ವೇವ್ ಕೇಳುವವರಿಗಂತೂ ಚೆನ್ನಾಗಿಯೇ ಗೊತ್ತು. ಸ್ಟೇಷನ್ ನೆಟ್ಟಗೆ ಸಿಕ್ಕಿರುತ್ತದೆ, ಮುಳ್ಳು ಇದ್ದಲ್ಲೇ ಇರುತ್ತದೆ, ಯಾರೂ ತಿರುಪು ಮುಟ್ಟಿರುವುದಿಲ್ಲ. ಆದರೂ ದನಿ ತಾನಾಗಿ ಇಳಿಯುತ್ತದೆ, ಗೊಗ್ಗರಾಗುತ್ತದೆ, ಎಲ್ಲಿಗೋ ಹೋಗಿಬಿಡುತ್ತದೆ. ಹತ್ತು ಹದಿನೈದು ಸೆಕೆಂಡು ಬಿಟ್ಟು ಏನೂ ಆಗದವರ ಹಾಗೆ ವಾಪಸು ಬರುತ್ತದೆ. ಹೋಗುವ ಹೊತ್ತಾದರೂ ಎಂಥದ್ದು! ವಿಕೆಟ್ ಬಿತ್ತು ಅನ್ನುವುದು ಕೇಳಿಸುತ್ತದೆ, ಯಾರದ್ದು ಅನ್ನುವುದು ಕೇಳಿಸುವುದಿಲ್ಲ.

1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದಾಗ ನಮ್ಮಲ್ಲಿ ಹೊತ್ತು ಮುಳುಗಿತ್ತು. ಲಂಡನ್ನಿನಿಂದ ಬೆಂಗಳೂರಿಗೆ ಸುಮಾರು ಎಂಟು ಸಾವಿರ ಕಿಲೋಮೀಟರ್. ದಾರಿಯ ಒಂದು ತುದಿಯಲ್ಲಿ ಹಗಲು, ಇನ್ನೊಂದು ತುದಿಯಲ್ಲಿ ಕತ್ತಲು. ಶಾರ್ಟ್‌ವೇವ್ ಅಲೆಗೆ ಇದಕ್ಕಿಂತ ಕಷ್ಟದ ದಾರಿ ಬೇಡ. ಅಂಥ ಸಂಜೆಗಳಲ್ಲಿ ಸ್ಕೋರಿಗಾಗಿ ಸೆಟ್ಟಿಗೆ ಕಿವಿಯಾನಿಸಿ ಕೂತವರು, ದನಿ ಹೋದಾಗಲೆಲ್ಲ ಮಾಡುತ್ತಿದ್ದದ್ದು ಎರಡೇ: ವಾಲ್ಯೂಮ್ ಹೆಚ್ಚಿಸುವುದು, ಇಲ್ಲವೇ ಸೆಟ್ಟಿನ ತಲೆಗೆ ತಟ್ಟುವುದು. ಎರಡರಿಂದಲೂ ಪ್ರಯೋಜನವಿಲ್ಲ. ಪ್ರಯೋಜನವಿರುವುದು ಯಾವುದರಿಂದ ಎಂಬುದೇ ಇವತ್ತಿನ ವಿಷಯ.

ಮಲೆನಾಡಿನ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಮಾತುಕತೆ ಹೀಗಿರುತ್ತಿತ್ತು.

"ಸಿಲೋನ್ ಹಾಕಿದ್ರೆ ದನಿ ಹೋಗ್ತದೆ, ಬರ್ತದೆ. ಕಂಡೆನ್ಸರ್ ಹೋಗಿದೆಯಾ ಏನು, ನೋಡಿ ಮಾರಾಯ್ರೆ."

"ಹಗಲು ಹೊತ್ತು ಭದ್ರಾವತಿ ಹಾಕಿ ನೋಡಿದ್ರಾ? ಅದೂ ಹಂಗೇ ಮಾಡ್ತದಾ?"

"ಇಲ್ಲಪ್ಪ, ಅದು ಚೊಕ್ಕ ಬರ್ತದೆ."

"ಹಂಗಾದ್ರೆ ಸೆಟ್ಟಿಗೆ ಏನೂ ಆಗ್ಲಿಲ್ಲ. ಮನೆಗೆ ತಗೊಂಡು ಹೋಗಿ."

ಪೆಟ್ಟಿಗೆ ಬಿಚ್ಚದೆ ಮಾಡಿದ ಈ ಪರೀಕ್ಷೆಯಲ್ಲಿ ಅರ್ಧ ಶಾಸ್ತ್ರವೇ ಇದೆ. ಭದ್ರಾವತಿ ಕೇಂದ್ರದ 675 ಕಿಲೋಹರ್ಟ್ಸ್ ಅಲೆ ಹಗಲಿನಲ್ಲಿ ನೆಲವನ್ನು ಸವರಿಕೊಂಡು ಬರುತ್ತದೆ. ಅದಕ್ಕೆ ಒಂದೇ ದಾರಿ, ಆ ದಾರಿ ಅಲುಗುವುದಿಲ್ಲ. ರೇಡಿಯೊ ಸಿಲೋನಿನ ಶಾರ್ಟ್‌ವೇವ್ ಅಲೆ ಮೇಲೆ ಹೋಗಿ, ಬಾಗಿ, ಕೆಳಗಿಳಿದು ಬರುತ್ತಿತ್ತು. ಅದು ಬಾಗುವ ಜಾಗ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಹತ್ತಿರದ ಕೇಂದ್ರ ನೆಟ್ಟಗಿದ್ದು ದೂರದ್ದು ಮಾತ್ರ ತೇಲಾಡಿದರೆ ತಪ್ಪು ಸೆಟ್ಟಿನದ್ದಲ್ಲ. ಎರಡೂ ತೇಲಾಡಿದರೆ ಬ್ಯಾಟರಿ ಬದಲಿಸಿ, ಆಮೇಲೆ ಅಂಗಡಿಗೆ ಹೋಗಿ.

ಅಲೆ ಬಾಗುವ ಆ ಜಾಗಕ್ಕೆ ಅಯಾನುಗೋಳ ಎನ್ನುತ್ತಾರೆ. ಸೂರ್ಯನ ಅತಿನೇರಳೆ ಕಿರಣ, ಎಕ್ಸ್ ಕಿರಣಗಳು ಮೇಲಿನ ತೆಳುಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಹಾಕುವುದರಿಂದ ಅದು ಉಂಟಾಗುತ್ತದೆ. 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಡಿ ಪದರ, ಅದರ ಮೇಲೆ ನೂರರ ಆಸುಪಾಸಿನಲ್ಲಿ ಇ, ಇನ್ನೂ ಮೇಲೆ 200ರಿಂದ 400ರ ತನಕ ಎಫ್. ಡಿ ಪದರ ಅಲೆಯನ್ನು ಬಾಗಿಸುವುದಿಲ್ಲ, ಹೀರುತ್ತದೆ. ಕಡಿಮೆ ಕಂಪನಾಂಕದ ಅಲೆಗಳನ್ನು ಹೆಚ್ಚು ಹೀರುತ್ತದೆ. ಸೂರ್ಯ ಮುಳುಗಿದೊಡನೆ ಅದು ಕರಗಿಹೋಗುತ್ತದೆ. ರಾತ್ರಿಯಾಗುತ್ತಲೇ 49 ಮೀಟರ್, 41 ಮೀಟರ್ ಬ್ಯಾಂಡುಗಳು ಸ್ಟೇಷನ್ನುಗಳಿಂದ ಗಿಜಿಗುಡುವುದು ಅದಕ್ಕೇ. ದೂರದ ಅಲೆಯನ್ನು ನಮ್ಮ ಮನೆಗೆ ಮುಟ್ಟಿಸುವ ಕೆಲಸ ಬಹುಮಟ್ಟಿಗೆ ಎಫ್ ಪದರದ್ದು.

ಅದು ಒಂದೇ ದಾರಿಯಲ್ಲಿ ಮುಟ್ಟಿಸಿದ್ದರೆ ಗೋಳಿರಲಿಲ್ಲ. ದೆಹಲಿಯಿಂದ ಬೆಂಗಳೂರಿಗೆ 31 ಮೀಟರ್ ಬ್ಯಾಂಡಿನಲ್ಲಿ ಬರುವ ಅಲೆಯನ್ನೇ ತೆಗೆದುಕೊಳ್ಳಿ. ದೂರ ಸುಮಾರು 1,740 ಕಿಲೋಮೀಟರ್, ಪದರದ ಎತ್ತರ 300 ಎಂದಿಟ್ಟುಕೊಳ್ಳೋಣ. ಅಲೆಯ ಒಂದು ಪಾಲು ಒಂದೇ ನೆಗೆತದಲ್ಲಿ ಬರುತ್ತದೆ: ಮೇಲೆ ಹೋಗಿ ಕೆಳಗೆ ಬಂದರೆ ಒಟ್ಟು ಸುಮಾರು 1,840 ಕಿಲೋಮೀಟರ್ ದಾರಿ. ಇನ್ನೊಂದು ಪಾಲು ನಡುವೆ ನೆಲಕ್ಕೆ ಬಡಿದು ಮತ್ತೆ ನೆಗೆದು ಎರಡು ನೆಗೆತದಲ್ಲಿ ಬರುತ್ತದೆ: ಅದು ಸುಮಾರು 2,110 ಕಿಲೋಮೀಟರ್. ಎರಡನೆಯದು 270 ಕಿಲೋಮೀಟರಿನಷ್ಟು ಸುತ್ತು ಹಾಕಿ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ತಡವಾಗಿ ಬರುತ್ತದೆ. ನಿಮ್ಮ ಏರಿಯಲ್ಲಿಗೆ ಎರಡೂ ಒಟ್ಟಿಗೇ ತಾಗುತ್ತವೆ. ತೊಟ್ಟಿಲನ್ನು ಇಬ್ಬರು ತೂಗಿದಂತೆ ಇದು. ಇಬ್ಬರ ಕೈಯೂ ಒಂದೇ ಲಯದಲ್ಲಿದ್ದರೆ ತೊಟ್ಟಿಲು ಜೋರಾಗಿ ತೂಗುತ್ತದೆ, ಒಬ್ಬರು ತಳ್ಳುವಾಗ ಇನ್ನೊಬ್ಬರು ತಡೆದರೆ ನಿಂತೇಹೋಗುತ್ತದೆ.

ಲಯ ತಪ್ಪಲು ಎಷ್ಟು ವ್ಯತ್ಯಾಸ ಬೇಕು? ಅರ್ಧ ಅಲೆಯಷ್ಟು, ಅಂದರೆ ಹದಿನಾರು ಮೀಟರಿಗೂ ಕಡಿಮೆ. ಮೇಲಿನ ಲೆಕ್ಕದಲ್ಲಿ ಪದರ ಹತ್ತು ಮೀಟರ್ ಏರಿದರೆ ಅಥವಾ ಇಳಿದರೆ ಅಷ್ಟು ವ್ಯತ್ಯಾಸವಾಗಿ ಹೋಗುತ್ತದೆ. ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಹತ್ತು ಮೀಟರ್ ಅಲುಗಾಟ! ದಕ್ಷಿಣ ಭಾರತದ ಮೇಲೆ ಸಂಜೆ ಸೂರ್ಯ ಮುಳುಗಿದ ಹೊತ್ತಿಗೆ ಎಫ್ ಪದರ ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗದಲ್ಲಿ ಮೇಲೇರುವುದುಂಟು. ಹಾಗಿರುವಾಗ ದನಿ ಏರಿಳಿಯದೆ ಇನ್ನೇನು ಮಾಡೀತು?

ಇಲ್ಲೊಂದು ಮಾತು ಗಮನಿಸಬೇಕು. ದನಿ ಇಲ್ಲವಾದ ಆ ಹತ್ತು ಸೆಕೆಂಡಿನಲ್ಲಿ ಅಲೆ ನಿಮ್ಮ ಮನೆಯ ತನಕ ಬಂದೇ ಇರುತ್ತದೆ, ಒಂದರ ಬದಲು ಎರಡು ಬಂದಿರುತ್ತವೆ. ಪ್ರಸಾರದವರು ಶಕ್ತಿಯನ್ನು ಇಮ್ಮಡಿ ಮಾಡಿದರೆ ಎರಡೂ ಪಾಲು ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ, ಒಂದನ್ನೊಂದು ಅಷ್ಟೇ ಚೆನ್ನಾಗಿ ಹೊಡೆದುಹಾಕುತ್ತವೆ. ಯಲಹಂಕದ ಆಚೆ ಆಕಾಶವಾಣಿ ನಿಲ್ಲಿಸಿರುವ 500 ಕಿಲೋವಾಟಿನ ಟ್ರಾನ್ಸ್‌ಮಿಟರುಗಳಿಗೂ ಈ ಏರಿಳಿತ ತಪ್ಪಿದ್ದಲ್ಲ. ಶಕ್ತಿ ಹೆಚ್ಚಿದರೆ ಗರಗರ ಸದ್ದಿನ ಮೇಲೆ ದನಿ ಎದ್ದು ಕೇಳುತ್ತದೆ, ಅದು ದೊಡ್ಡ ಲಾಭವೇ. ಆದರೆ ಈ ರೋಗಕ್ಕೆ ಅದು ಮದ್ದಲ್ಲ.

ತೊಂದರೆ ಕೊಟ್ಟ ಈ ಏರಿಳಿತವೇ ಅಯಾನುಗೋಳ ಇದೆ ಎಂಬುದಕ್ಕೆ ಸಾಕ್ಷಿಯನ್ನೂ ಒದಗಿಸಿತು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆ ಸಂಕೇತ ಹಿಡಿದಾಗ, ಗುಂಡಗಿನ ಭೂಮಿಯನ್ನು ಬಳಸಿ ಅಲೆ ಹೇಗೆ ಬಂತೆಂದು ತಲೆ ಕೆಡಿಸಿಕೊಂಡವರು ಬಹಳ. ಮರುವರ್ಷವೇ ಅಮೆರಿಕದಲ್ಲಿ ಕೆನೆಲಿ, ಇಂಗ್ಲೆಂಡಿನಲ್ಲಿ ಹೆವಿಸೈಡ್, ಮೇಲೊಂದು ವಿದ್ಯುತ್ ಹರಿಯುವ ಪದರ ಇರಬೇಕೆಂದು ಬೇರೆ ಬೇರೆಯಾಗಿ ಊಹಿಸಿದರು. ಅದು ಊಹೆಯಾಗಿಯೇ ಇಪ್ಪತ್ತೆರಡು ವರ್ಷ ಉಳಿಯಿತು. 1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆಪಲ್ಟನ್ ಮತ್ತು ಅವರ ನ್ಯೂಜಿಲೆಂಡಿನ ಶಿಷ್ಯ ಮೈಲ್ಸ್ ಬಾರ್ನೆಟ್, ಬಿಬಿಸಿಯ ಬೋರ್ನ್‌ಮತ್ ಕೇಂದ್ರವನ್ನು ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಕೇಳಿ ಪಡೆದರು. ಕಂಪನಾಂಕವನ್ನು ನಿಧಾನವಾಗಿ ಬದಲಿಸುತ್ತ ಹೋಗಲು ಹೇಳಿ, ತಾವು ಆಕ್ಸ್‌ಫರ್ಡಿನಲ್ಲಿ ಕೂತು ಬಲ ಎಷ್ಟು ಸಲ ಏರಿ ಇಳಿಯಿತೆಂದು ಎಣಿಸಿದರು. ನೆಲದ ದಾರಿಯ ಅಲೆಗೂ ಮೇಲಿನ ದಾರಿಯ ಅಲೆಗೂ ಎಷ್ಟು ಅಂತರ ಎಂಬುದು ಆ ಎಣಿಕೆಯಿಂದ ಸಿಕ್ಕಿತು, ಅದರಿಂದ ಪದರದ ಎತ್ತರ ಸಿಕ್ಕಿತು: ನೂರು ಕಿಲೋಮೀಟರಿನ ಆಸುಪಾಸು. ಈ ಕ್ಷೇತ್ರದ ಕೆಲಸಕ್ಕಾಗಿ ಆಪಲ್ಟನ್ನರಿಗೆ 1947ರಲ್ಲಿ ನೊಬೆಲ್ ಬಂತು. ಅದೇ ವರ್ಷ ಕಲ್ಕತ್ತದ ಶಿಶಿರ್ ಕುಮಾರ್ ಮಿತ್ರರ 'ದಿ ಅಪ್ಪರ್ ಅಟ್ಮಾಸ್ಫಿಯರ್' ಎಂಬ ದೊಡ್ಡ ಗ್ರಂಥವೂ ಹೊರಬಂತು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರು ಅವರು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಅವರ ಬಳಗ ನಡೆಸಿದ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಸಲ್ಲಬೇಕಾದಷ್ಟು ಮಾತು ಸಂದಿಲ್ಲ ಎಂದು ನನಗನ್ನಿಸುತ್ತದೆ.

ಇನ್ನು ಕೇಳುಗರ ಪಾಲಿನ ಕೆಲಸಕ್ಕೆ ಬರೋಣ. ದನಿ ಹೋಯಿತು ಎಂದರೆ ಸಾಲದು, ಹೇಗೆ ಹೋಯಿತು ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಹೋಗುವ ರೀತಿ ಬೇರೆಯಾದರೆ ಮಾಡಬೇಕಾದದ್ದೂ ಬೇರೆ.

ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗಿನ ಲಯದಲ್ಲಿ ಏರುತ್ತ ಇಳಿಯುತ್ತ ಇದ್ದರೆ, ಅದು ಈಗ ಹೇಳಿದ ಎರಡು ದಾರಿಯ ಜಗಳ. ಇದಕ್ಕೆ ಹತ್ತಿರದ ಇನ್ನೊಂದು ಬಗೆಯೂ ಇದೆ. ಅಯಾನುಗೋಳ ಹಾಗೂ ಭೂಮಿಯ ಕಾಂತಕ್ಷೇತ್ರ ಸೇರಿ ಅಲೆಯ ಕಂಪನದ ದಿಕ್ಕನ್ನೇ ತಿರುಗಿಸುತ್ತವೆ. ಅಡ್ಡಲಾಗಿ ಕಂಪಿಸುತ್ತ ಹೊರಟ ಅಲೆ ನಿಮ್ಮ ಬಳಿ ಬರುವಾಗ ನೆಟ್ಟಗೆ ನಿಂತಿರಬಹುದು, ಮರುಗಳಿಗೆಯಲ್ಲಿ ಮತ್ತೆ ಅಡ್ಡ ಮಲಗಬಹುದು. ನಿಮ್ಮ ಏರಿಯಲ್ ಒಂದೇ ದಿಕ್ಕಿನದ್ದಾದರೆ ಅಷ್ಟು ಹೊತ್ತು ಅದಕ್ಕೆ ಏನೂ ಸಿಗುವುದಿಲ್ಲ.

ಸಂಜೆ ಹೊತ್ತು 16 ಮೀಟರ್, 13 ಮೀಟರಿನಂಥ ಮೇಲಿನ ಬ್ಯಾಂಡಿನಲ್ಲಿ ಚೆನ್ನಾಗಿ ಬರುತ್ತಿದ್ದ ಸ್ಟೇಷನ್ ಇದ್ದಕ್ಕಿದ್ದ ಹಾಗೆ ಜೋರಾಗಿ ಓಲಾಡಿ, ಸ್ವಲ್ಪ ಹೊತ್ತಿನಲ್ಲೇ ಪೂರ್ತಿ ಮಾಯವಾದರೆ ಕಾಯುವುದು ದಂಡ. ಕತ್ತಲಾದಂತೆ ಎಫ್ ಪದರದ ಎಲೆಕ್ಟ್ರಾನುಗಳು ಕಡಿಮೆಯಾಗಿ, ಅಷ್ಟು ಮೇಲಿನ ಕಂಪನಾಂಕವನ್ನು ಬಾಗಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಅಲೆ ಪದರವನ್ನು ತೂರಿ ಆಚೆ ಹೋಗಿರುತ್ತದೆ. ಅದೇ ಕಾರ್ಯಕ್ರಮ 25ರಲ್ಲೋ 31ರಲ್ಲೋ ಇದೆಯೇ ಎಂದು ಹುಡುಕಿ. ದೊಡ್ಡ ಕೇಂದ್ರಗಳು ಒಂದೇ ಕಾರ್ಯಕ್ರಮವನ್ನು ಎರಡು ಮೂರು ಕಂಪನಾಂಕಗಳಲ್ಲಿ ಬಿತ್ತರಿಸುವುದು ಇದಕ್ಕಾಗಿಯೇ. ಪದರ ಬಾಗಿಸಬಲ್ಲ ಅತಿ ಹೆಚ್ಚಿನ ಕಂಪನಾಂಕ ಎಷ್ಟೋ, ಅದರ ನೂರಕ್ಕೆ 85 ಪಾಲಿನಷ್ಟನ್ನು ಬಳಸುವುದು ಎಂಜಿನಿಯರುಗಳ ರೂಢಿ. ಇನ್ನೂ ಕೆಳಗೆ ಹೋದರೆ ಡಿ ಪದರ ಹೀರುತ್ತದೆ, ಮೇಲೆ ಹೋದರೆ ತೂರಿ ಹೋಗುವ ಭಯ.

ಹಾಡುಹಗಲಿನಲ್ಲಿ, ಒಂದು ಸ್ಟೇಷನ್ ಮಾತ್ರವಲ್ಲದೆ ಇಡೀ ಶಾರ್ಟ್‌ವೇವ್ ಕೆಲವೇ ನಿಮಿಷದಲ್ಲಿ ಸತ್ತ ಹಾಗೆ ಆಗುವುದೂ ಉಂಟು. ಅನೇಕರು ಆಗ ಏರಿಯಲ್ ತಂತಿ ಕಿತ್ತುಹೋಯಿತೆಂದು ಮಾಳಿಗೆ ಹತ್ತುತ್ತಾರೆ. ಹತ್ತುವ ಮೊದಲು ಹತ್ತಿರದ ಮಧ್ಯಮ ತರಂಗ ಕೇಂದ್ರವನ್ನು ಹಾಕಿ ನೋಡಿ. ಅದು ಸರಿಯಾಗಿದ್ದರೆ ಸೂರ್ಯನ ಮೇಲೆ ದೊಡ್ಡದೊಂದು ಜ್ವಾಲೆ ಸಿಡಿದಿರುವ ಸಾಧ್ಯತೆ ಹೆಚ್ಚು. ಅದರ ಎಕ್ಸ್ ಕಿರಣ ಎಂಟು ನಿಮಿಷದಲ್ಲಿ ಇಲ್ಲಿಗೆ ಮುಟ್ಟಿ ಡಿ ಪದರವನ್ನು ದಪ್ಪಗಾಗಿಸುತ್ತದೆ, ಅದು ಬಂದದ್ದನ್ನೆಲ್ಲ ಹೀರಿಬಿಡುತ್ತದೆ. 1930ರ ದಶಕದಲ್ಲಿ ಇದನ್ನು ಗುರುತಿಸಿದವರಲ್ಲಿ ಒಬ್ಬರಾದ ಅಮೆರಿಕದ ಡೆಲಿಂಜರ್ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಹಗಲಿರುವ ಅರ್ಧ ಭೂಮಿಗೆ ಮಾತ್ರ ಇದರ ಪೆಟ್ಟು. ಕೆಳಗಿನ ಬ್ಯಾಂಡುಗಳು ಮೊದಲು ಹೋಗಿ ಕೊನೆಗೆ ಬರುತ್ತವೆ, ಆದ್ದರಿಂದ ಈ ಸಲ ಹುಡುಕಬೇಕಾದದ್ದು ಮೇಲಿನ ಬ್ಯಾಂಡಿನಲ್ಲಿ. ಸಂಜೆಯದಕ್ಕೆ ಕೆಳಗೆ ಇಳಿಯಬೇಕು, ಇದಕ್ಕೆ ಮೇಲೆ ಹತ್ತಬೇಕು. ಸೂರ್ಯನ ಹನ್ನೊಂದು ವರ್ಷದ ಚಕ್ರ ತುದಿಗೇರಿದ ವರ್ಷಗಳಲ್ಲಿ ಇಂಥ ಹಗಲುಗಳು ಹೆಚ್ಚು. ಆದರೆ ಮೇಲಿನ ಬ್ಯಾಂಡುಗಳು ರಾತ್ರಿಯ ತನಕ ತೆರೆದಿರುವುದೂ ಅದೇ ವರ್ಷಗಳಲ್ಲೇ. ಕೊಟ್ಟು ಕಿತ್ತುಕೊಳ್ಳುವುದು ಸೂರ್ಯನ ಸ್ವಭಾವ.

ಇನ್ನೊಂದು ಬಗೆ ನಮ್ಮ ಸೀಮೆಯವರಿಗೇ ಹೆಚ್ಚಾಗಿ ಮೀಸಲು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ತಿರುವನಂತಪುರದ ಹತ್ತಿರದ ತುಂಬಾವನ್ನು 1963ರಲ್ಲಿ ರಾಕೆಟ್ ಹಾರಿಸಲು ಆರಿಸಿದ್ದು ಆ ಕಾರಣಕ್ಕೇ. ಕರ್ನಾಟಕ ಅಲ್ಲಿಂದ ಕೆಲವೇ ಡಿಗ್ರಿ ಉತ್ತರಕ್ಕಿದೆ. ಈ ರೇಖೆಯ ಆಸುಪಾಸಿನಲ್ಲಿ ಸೂರ್ಯಾಸ್ತದ ನಂತರ ಎಫ್ ಪದರ ಮೇಲೇರಿ, ಒಡೆದು, ಚಿಂದಿಚಿಂದಿಯಾಗುವುದುಂಟು. ಬುಕರ್ ಮತ್ತು ವೆಲ್ಸ್ ಎಂಬಿಬ್ಬರು ಪೆರು ದೇಶದ ವಾಂಕಾಯೊ ಎಂಬಲ್ಲಿ ತೆಗೆದ ದಾಖಲೆಗಳಿಂದ 1938ರಲ್ಲಿ ಇದನ್ನು ಮೊದಲು ವಿವರಿಸಿದರು. ನಮ್ಮ ಕೊಡೈಕನಾಲಿನ ವೀಕ್ಷಣಾಲಯದ ದಾಖಲೆಗಳಲ್ಲೂ ಇದು ಧಾರಾಳವಾಗಿ ಸಿಗುತ್ತದೆ. ಇದರ ಮೂಲಕ ಹಾದುಬಂದ ದನಿ ಸೆಕೆಂಡಿಗೆ ಹಲವು ಸಲ ಪಟಪಟನೆ ನಡುಗುತ್ತದೆ. ಗಾಯಕರ ದನಿಯಲ್ಲಿ ಇಲ್ಲದ ಗಮಕವೊಂದು ಸೇರಿಕೊಳ್ಳುತ್ತದೆ! ಮಾರ್ಚ್, ಏಪ್ರಿಲ್ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಸಂಜೆ ಇದು ಜಾಸ್ತಿ. ಇದಕ್ಕೆ ಮನೆಯಲ್ಲಿ ಕೂತು ಮಾಡುವಂಥದ್ದು ಬಹಳವಿಲ್ಲ. ನಡುರಾತ್ರಿ ಕಳೆದ ಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತದೆ, ಅಷ್ಟರಲ್ಲಿ ಬೇರೆ ದಿಕ್ಕಿನ ಸ್ಟೇಷನ್ ಕೇಳಬಹುದು.

ಈಗ ಸೆಟ್ಟಿನೊಳಗೆ ಇಣುಕೋಣ. ಏರಿಳಿತವನ್ನು ಮಟ್ಟ ಮಾಡುವ ಏರ್ಪಾಟು ಎಲ್ಲ ಸೆಟ್ಟಿನಲ್ಲೂ ಇದೆ. ಬಂದ ಅಲೆಯ ಬಲ ಇಳಿದರೆ ಸೆಟ್ಟು ತನ್ನ ವರ್ಧನೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಏರಿದರೆ ತಗ್ಗಿಸಿಕೊಳ್ಳುತ್ತದೆ. 1920ರ ದಶಕದ ನಡುವೆ ಹೆರಾಲ್ಡ್ ವೀಲರ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ್ದು ಇದು. ಹಳೆಯ ವಾಲ್ವ್ ರೇಡಿಯೊಗಳಲ್ಲಿ ಇದು ಕೆಲಸ ಮಾಡುವುದು ಕಣ್ಣಿಗೇ ಕಾಣುತ್ತಿತ್ತು. ಮುಖದ ಮೇಲೊಂದು ಹಸಿರು ಬೆಳಕಿನ ಮ್ಯಾಜಿಕ್ ಐ ಇರುತ್ತಿತ್ತಲ್ಲ, ಸ್ಟೇಷನ್ ಸರಿಯಾಗಿ ಸಿಕ್ಕಾಗ ಅದರ ಕಪ್ಪು ಸಂದು ಮುಚ್ಚಿಕೊಳ್ಳುತ್ತಿತ್ತು. ರಾತ್ರಿ ಸಿಲೋನ್ ಹಾಕಿ ದೀಪ ಆರಿಸಿ ಕೂತರೆ ಆ ಸಂದು ತಾನಾಗಿ ಬಿಚ್ಚುವುದು, ಮುಚ್ಚುವುದು. ಹಾಡು ಮಾತ್ರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳುತ್ತಿತ್ತು. ಅಯಾನುಗೋಳದ ಅಲುಗಾಟವನ್ನು ಕಣ್ಣಿನಿಂದ ನೋಡಲು ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಕರಣ ಇರಲಿಲ್ಲ. ಈಗಿನ ಸೆಟ್ಟುಗಳ ಪುಟ್ಟ ಗೆರೆಗಳ ಸಾಲಿನಲ್ಲಿ ಆ ಸೊಗಸಿಲ್ಲ.

ಆದರೆ ಒಂದು ಬಗೆಯ ಏರಿಳಿತದಲ್ಲಿ ಈ ಏರ್ಪಾಟೇ ಉಪದ್ರವ ಕೊಡುತ್ತದೆ. ಮೊದಲೇ ಹೇಳಿದ ಎರಡು ದಾರಿಯಲ್ಲಿ ಒಂದು, ಸೆಕೆಂಡಿನ ಸಾವಿರದಲ್ಲೊಂದು ಪಾಲು ತಡವಾಗಿದ್ದರೆ ಎಲ್ಲ ಕಂಪನಾಂಕಗಳೂ ಒಟ್ಟಿಗೆ ಅಳಿಯುವುದಿಲ್ಲ. ಒಂದೊಂದು ಕಿಲೋಹರ್ಟ್ಸಿಗೆ ಒಂದೊಂದು ಗುಂಡಿ ಬೀಳುತ್ತದೆ, ಆ ಗುಂಡಿಗಳು ಸರಿದಾಡುತ್ತ ಇರುತ್ತವೆ. ಒಂದು ಪ್ರಸಾರ ಕೇಂದ್ರ ಹತ್ತು ಕಿಲೋಹರ್ಟ್ಸಿನಷ್ಟು ಅಗಲದ ಜಾಗ ಹಿಡಿದಿರುತ್ತದೆ. ನಡುವೆ ವಾಹಕ ಅಲೆ, ಅದರ ಎಡಬಲಕ್ಕೆ ಮಾತು, ಹಾಡು ತುಂಬಿದ ಎರಡು ಪಕ್ಕಗಳು. ಗುಂಡಿ ಪಕ್ಕಗಳಲ್ಲಿ ಸರಿದಾಡುವಾಗ ದನಿಯ ಬಣ್ಣ ಬದಲಾಗುತ್ತದೆ ಅಷ್ಟೆ: ಮೃದಂಗ ತೆಳುವಾಗುವುದು, ಪಿಟೀಲು ಮಸುಕಾಗುವುದು. ಗುಂಡಿ ಸರಿಯಾಗಿ ವಾಹಕದ ಮೇಲೆ ಬಂದಾಗ ಅನಾಹುತ. ದನಿಯನ್ನು ಬಿಡಿಸಿಕೊಳ್ಳಲು ಸೆಟ್ಟಿಗೆ ವಾಹಕವೇ ಆಧಾರ. ಅದು ಹೋದರೆ ಮಾತು ಒಡೆದು, ಅಕ್ಷರ ಗುರುತು ಸಿಗದ ಹಾಗೆ ಕೆರೆದುಕೊಂಡು ಬರುತ್ತದೆ. ವಾಹಕ ಇಳಿದದ್ದನ್ನು ನೋಡಿ ಸೆಟ್ಟು ಸ್ಟೇಷನ್ನೇ ಇಳಿಯಿತೆಂದು ತಿಳಿದು ವರ್ಧನೆಯನ್ನು ಹೆಚ್ಚಿಸುತ್ತದೆ. ಹೀಗೆ ಕೆಟ್ಟ ದನಿಯೇ ಜೋರಾಗಿ ಬಂದು ಕಿವಿಗೆ ಬಡಿಯುತ್ತದೆ. ಈ ಗಳಿಗೆಯಲ್ಲಿ ವಾಲ್ಯೂಮ್ ಹೆಚ್ಚಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಇದಕ್ಕೆ ಒಳ್ಳೆಯ ಮದ್ದಿದೆ. ನಿಮ್ಮ ಸೆಟ್ಟಿನಲ್ಲಿ ಎಸ್‌ಎಸ್‌ಬಿ ಎಂಬ ಬಟನ್ ಇದ್ದರೆ ಅದನ್ನು ಒತ್ತಿ. ಆಗ ಸೆಟ್ಟು ಹೊರಗಿನಿಂದ ಬರುವ ವಾಹಕವನ್ನು ನೆಚ್ಚದೆ ತನ್ನದೇ ವಾಹಕವನ್ನು ಒಳಗೇ ಹುಟ್ಟಿಸಿಕೊಂಡು, ಒಂದು ಪಕ್ಕವನ್ನಷ್ಟೇ ತೆಗೆದುಕೊಳ್ಳುತ್ತದೆ. ಮೊದಲಿಗೆ ಒಂದು ಶಿಳ್ಳೆ ಕೇಳಿಸುತ್ತದೆ. ನಯವಾಗಿ ತಿರುಗಿಸುತ್ತ ಹೋದಂತೆ ಶಿಳ್ಳೆ ದಪ್ಪಗಾಗಿ, ಗುಂಯ್ ಎಂದು ಇಳಿದು, ನಿಂತುಹೋಗುತ್ತದೆ. ಅಲ್ಲಿಗೆ ಬಿಡಿ. ಎರಡು ಪಕ್ಕಗಳಲ್ಲಿ ಯಾವ ಕಡೆ ಬೇರೆ ಸ್ಟೇಷನ್ನಿನ ಕಾಟ ಕಡಿಮೆಯೋ ಆ ಕಡೆಯದನ್ನು ಆರಿಸಿ. ದನಿ ಆಮೇಲೂ ಏರಿಳಿಯುತ್ತದೆ, ಆದರೆ ಒಡೆಯುವುದಿಲ್ಲ, ಮಾತು ಬಿಡದೆ ಅರ್ಥವಾಗುತ್ತದೆ. ಹಾಡಿಗೆ ಇದು ಅಷ್ಟು ಹೊಂದುವುದಿಲ್ಲ, ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸಂಗೀತದ ಕಿವಿಯವರಿಗೆ ಸಹಿಸಲಾಗದು. ಈ ಕೆಲಸವನ್ನು ತಾನಾಗಿ ಮಾಡುವ ಸಿಂಕ್ರೊನಸ್ ಸೆಟ್ಟುಗಳೂ ಇವೆ. 1980ರ ದಶಕದ ನಡುವೆ ಸೋನಿ ಕಂಪನಿ ಹೊರತಂದ ಐಸಿಎಫ್ 2010 ಇದರಿಂದಲೇ ಹೆಸರಾಯಿತು, ಹವ್ಯಾಸಿಗಳು ಇವತ್ತಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ.

ಎಸ್‌ಎಸ್‌ಬಿ ಇಲ್ಲದ ಸಾಮಾನ್ಯ ಟ್ರಾನ್ಸಿಸ್ಟರ್ ಇದ್ದವರು ಬೇಸರಪಡಬೇಕಾಗಿಲ್ಲ. ಮುಳ್ಳನ್ನು ಸ್ಟೇಷನ್ನಿನ ನಟ್ಟನಡುವಿನಿಂದ ಚೂರೇ ಚೂರು ಪಕ್ಕಕ್ಕೆ ಸರಿಸಿ. ವಾಹಕದ ಜೊತೆಗೆ ಒಂದೇ ಪಕ್ಕ ಹೆಚ್ಚಾಗಿ ಒಳಗೆ ಬಂದು ಗೊಗ್ಗರುತನ ಎಷ್ಟೋ ಸಲ ಕಡಿಮೆಯಾಗುತ್ತದೆ.

ಏರಿಯಲ್ಲಿನ ವಿಷಯದಲ್ಲಿ ಜನಕ್ಕೆ ಉದ್ದದ ಮೇಲೆ ಅತಿಯಾದ ನಂಬಿಕೆ. ಮನೆಯಿಂದ ತೆಂಗಿನ ಮರಕ್ಕೆ ಹತ್ತು ಮೀಟರ್ ತಾಮ್ರದ ತಂತಿ ಎಳೆದರೆ ಸಾಕು. ಮೂವತ್ತು ಮೀಟರ್ ಎಳೆದು ಚಿಕ್ಕ ಟ್ರಾನ್ಸಿಸ್ಟರಿಗೆ ಸಿಕ್ಕಿಸಿದರೆ ಬಲವಾದ ಸ್ಟೇಷನ್ನುಗಳೆಲ್ಲ ಒಂದರ ಮೇಲೊಂದು ಬಿದ್ದು ಗದ್ದಲವೇ ಹೆಚ್ಚುತ್ತದೆ. ಏರಿಳಿತದ ಮಟ್ಟಿಗೆ ಉದ್ದಕ್ಕಿಂತ ದಿಕ್ಕು ಮುಖ್ಯ. ಅಡ್ಡಲಾಗಿ ಎಳೆದ ತಂತಿ ಒಂದು, ನೆಟ್ಟಗೆ ನಿಂತ ಸೆಟ್ಟಿನ ಕಡ್ಡಿ ಒಂದು, ಎರಡೂ ಇಟ್ಟುಕೊಳ್ಳಿ. ಅಲೆ ದಿಕ್ಕು ತಿರುಗಿ ಒಂದರಲ್ಲಿ ದನಿ ಇಳಿದಾಗ ಇನ್ನೊಂದರಲ್ಲಿ ಇರುತ್ತದೆ. ತಂತಿಯ ತುದಿಗೆ ಒಂದು ಕ್ಲಿಪ್ ಹಾಕಿಟ್ಟುಕೊಂಡರೆ ಕಡ್ಡಿಗೆ ಸಿಕ್ಕಿಸುವುದು, ತೆಗೆಯುವುದು ಕ್ಷಣದ ಕೆಲಸ. ಗುಡುಗು ಸಿಡಿಲಿನ ದಿನಗಳಲ್ಲಿ ಮಾತ್ರ ಆ ತಂತಿಯನ್ನು ಮನೆಯೊಳಗೆ ತರಲೇಬೇಡಿ.

ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿದವರು ಅಮೆರಿಕದ ಆರ್‌ಸಿಎ ಕಂಪನಿಯ ಬೆವರೇಜ್ ಮತ್ತು ಪೀಟರ್ಸನ್. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ರಿವರ್‌ಹೆಡ್ ಎಂಬಲ್ಲಿ 1920ರ ದಶಕದಲ್ಲಿ ಅವರು ಮೂರು ಏರಿಯಲ್ಲುಗಳನ್ನು ನೂರಾರು ಮೀಟರ್ ಅಂತರದಲ್ಲಿ ನಿಲ್ಲಿಸಿದರು. ಒಂದು ಜಾಗದಲ್ಲಿ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುವ ಹೊತ್ತಿಗೆ ಇನ್ನೊಂದು ಜಾಗದಲ್ಲಿ ಕೂಡಿಕೊಂಡಿರುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ಮೂರಕ್ಕೂ ಒಂದೊಂದು ಸೆಟ್ಟು ಜೋಡಿಸಿ ಒಟ್ಟುಗೂಡಿಸಿದಾಗ ದನಿ ಬಹುಪಾಲು ಸ್ಥಿರವಾಯಿತು. ಈಗ ನಿಮ್ಮ ಮನೆಯ ವೈಫೈ ಪೆಟ್ಟಿಗೆಗೆ ಎರಡು ಮೂರು ಕೋಡು ಇರುವುದಕ್ಕೂ ಮೂಲ ಇದೇ ಯೋಚನೆ.

ನಮಗೆ ಅಷ್ಟು ಹಿತ್ತಲು ಎಲ್ಲಿದೆ ಅನ್ನುತ್ತೀರೇನೋ. ಹಿತ್ತಲಿಲ್ಲದೆಯೂ ಮಾಡಬಹುದಾದ ಉಪಾಯ ಒಂದಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಎರಡು ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಒಂದೇ ಕಾರ್ಯಕ್ರಮ ಎರಡು ಬ್ಯಾಂಡಿನಲ್ಲಿ ಬರುತ್ತಿದ್ದರೆ ಒಂದನ್ನು 25ಕ್ಕೂ ಇನ್ನೊಂದನ್ನು 31ಕ್ಕೂ ಇಟ್ಟು ಅಕ್ಕಪಕ್ಕ ಇಡಿ. ಎರಡು ಬ್ಯಾಂಡುಗಳ ಏರಿಳಿತಕ್ಕೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಒಂದರ ಮಾತು ಮುಳುಗುವಾಗ ಇನ್ನೊಂದು ಎತ್ತಿ ಹಿಡಿಯುತ್ತದೆ. ಎರಡು ಟ್ರಾನ್ಸ್‌ಮಿಟರುಗಳು ಬೇರೆ ಬೇರೆ ಊರಿನಲ್ಲಿದ್ದರೆ ಸ್ವಲ್ಪ ಪ್ರತಿಧ್ವನಿ ಬರಬಹುದು, ಕಿವಿ ಬೇಗ ಹೊಂದಿಕೊಳ್ಳುತ್ತದೆ.

ಈ ಕಷ್ಟ ಮನೆಯ ಕೇಳುಗರದ್ದು ಮಾತ್ರ ಆಗಿರಲಿಲ್ಲ. ಉಪಗ್ರಹಗಳು ಬರುವ ಮೊದಲು ದೆಹಲಿಯಿಂದ ಓದುತ್ತಿದ್ದ ಕನ್ನಡ ವಾರ್ತೆ ಶಾರ್ಟ್‌ವೇವ್‌ನಲ್ಲೇ ಇಲ್ಲಿಗೆ ಬರಬೇಕಿತ್ತು. ಬೆಂಗಳೂರು, ಧಾರವಾಡದಂಥ ಕೇಂದ್ರಗಳು ಅದನ್ನು ಹಿಡಿದು ತಮ್ಮ ಮಧ್ಯಮ ತರಂಗದಲ್ಲಿ ಮರುಪ್ರಸಾರ ಮಾಡುತ್ತಿದ್ದವು. ಪಕ್ಕದೂರಿನ ಕೇಂದ್ರದ ಹಾಡು ಗಂಟೆ ಬಾರಿಸಿದ ಹಾಗೆ ಬರುತ್ತಿದ್ದು, ವಾರ್ತೆ ಶುರುವಾದೊಡನೆ ದನಿ ಗಾಳಿಯಲ್ಲಿ ತೂಗಾಡಲು ತೊಡಗುತ್ತಿದ್ದದ್ದು ಹಿರಿಯ ಕೇಳುಗರಿಗೆ ನೆನಪಿರಬಹುದು. ನಿಮ್ಮ ಸೆಟ್ಟಿಗೆ ಅಲ್ಲಿ ಕೆಲಸವೇ ಇರಲಿಲ್ಲ. ದನಿ ನಿಮ್ಮ ತನಕ ಬರುವ ಮೊದಲೇ ಏರಿಳಿದಾಗಿತ್ತು.

ಆಗ ವಾರ್ತೆ ಓದುತ್ತಿದ್ದವರೂ ಇದನ್ನು ಬಲ್ಲವರೇ. ಮುಖ್ಯಾಂಶಗಳನ್ನು ಮೊದಲೊಮ್ಮೆ, ಕೊನೆಗೊಮ್ಮೆ ಓದುವುದು. ಪದಗಳನ್ನು ಬಿಡಿಸಿ ನಿಧಾನವಾಗಿ ಹೇಳುವುದು. ವೀಕ್ಷಕ ವಿವರಣೆಯಲ್ಲಿ ಸ್ಕೋರನ್ನು ಓವರಿಗೊಮ್ಮೆ ತಪ್ಪದೆ ಹೇಳುವುದು, ಇವೆಲ್ಲ ಒಳ್ಳೆಯ ಬಾನುಲಿಯ ಅಭ್ಯಾಸಗಳು. ಶಾರ್ಟ್‌ವೇವ್ ಕೇಳುಗನಿಗೆ ಇವು ಜೀವದಾನವಿದ್ದಂತೆ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸುಮಾರು 1,500 ಪದಗಳ ಸರಳ ಇಂಗ್ಲಿಷಿನಲ್ಲಿ ನಿಧಾನವಾಗಿ ಓದುವ ಕಾರ್ಯಕ್ರಮ ಆರಂಭಿಸಿದ್ದು ಭಾಷೆ ಕಲಿಯುವವರಿಗಾಗಿ. ಆದರೆ ಅಷ್ಟು ನಿಧಾನವಾಗಿ ಓದಿದ ವಾಕ್ಯದಲ್ಲಿ ಒಂದೆರಡು ಪದ ಮುಳುಗಿದರೂ ಮಿಕ್ಕದ್ದರಿಂದ ಅರ್ಥ ಹೊಂದಿಸಿಕೊಳ್ಳಬಹುದಿತ್ತು. ಈಗಿನವರು ಓದುವ ವೇಗ ನೋಡಿದರೆ, ಇವರು ಒಂದು ದಿನವೂ ಶಾರ್ಟ್‌ವೇವ್ ಕೇಳಿದವರಲ್ಲ ಅನ್ನಿಸುತ್ತದೆ.

ಡಿಜಿಟಲ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಡಿಆರ್‌ಎಂ ಎಂಬ ಪದ್ಧತಿಯಲ್ಲಿ ದನಿಯನ್ನು ಅಂಕಿಗಳಾಗಿ ಒಡೆದು ನೂರಾರು ಪುಟ್ಟ ವಾಹಕಗಳ ಮೇಲೆ ಹಂಚುತ್ತಾರೆ, ಕಾಲದಲ್ಲೂ ಕಲಸಿ ಹರಡುತ್ತಾರೆ. ಗುಂಡಿ ಬಿದ್ದಲ್ಲಿ ಕೆಲವು ಅಂಕಿ ಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ತುಂಬಿಸಿಕೊಳ್ಳಬಹುದು. ಜಾಣ ಏರ್ಪಾಟು, ಸರಿಯಾಗಿ ಬಂದಾಗ ಎಫ್‌ಎಂಗೆ ಹತ್ತಿರದ ಗುಣ. ಆದರೆ ಬಲ ಒಂದು ಮಿತಿಗಿಂತ ಕೆಳಗಿಳಿದರೆ ಮಸುಕಾಗಿಯಾದರೂ ಕೇಳುವುದು ಅನ್ನುವುದೇ ಇಲ್ಲ, ಪೂರ್ತಿ ಮೌನ. ಗರಗರದ ಅಡಿಯಿಂದ ಅರ್ಧ ಪದ ಹೆಕ್ಕುವ ಕಿವಿ ನಮಗಿದೆ, ಆ ಸೆಟ್ಟಿಗಿಲ್ಲ. ವಾರ್ತೆಯ ಮಟ್ಟಿಗೆ ನಾನಿನ್ನೂ ಹಳೆಯ ಪದ್ಧತಿಯ ಪಕ್ಷ.

ಎಲ್ಲ ಮಾಡಿಯೂ ಒಂದು ಸ್ಟೇಷನ್ ದಿನವೂ ಅದೇ ಹೊತ್ತಿಗೆ ಕೈ ಕೊಡುತ್ತಿದ್ದರೆ ಆ ಸ್ಟೇಷನ್ನಿಗೇ ಬರೆಯಿರಿ. ಶಾರ್ಟ್‌ವೇವ್ ಕೇಂದ್ರಗಳು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ತಮ್ಮ ಕಂಪನಾಂಕಗಳ ಪಟ್ಟಿ ಬದಲಿಸುತ್ತವೆ. ಮುಂದಿನ ಪಟ್ಟಿ ಮಾಡುವವರಿಗೆ ಕೇಳುಗರ ವರದಿ ಬೇಕು. ವರದಿಗೆ ಐದು ಅಂಕಿಗಳ ಒಂದು ಪದ್ಧತಿ ಇದೆ: ಅಲೆಯ ಬಲ, ಬೇರೆ ಸ್ಟೇಷನ್ನಿನ ಕಾಟ, ಗರಗರ, ಏರಿಳಿತ, ಒಟ್ಟಾರೆ ಗುಣ, ಇವಕ್ಕೆ ಒಂದರಿಂದ ಐದರ ತನಕ ಅಂಕ. ಕಾಟ, ಗರಗರ, ಏರಿಳಿತ ಇಲ್ಲದಿದ್ದರೆ ಐದು, ವಿಪರೀತ ಇದ್ದರೆ ಒಂದು. ಬಹಳ ಮಂದಿ, ವರದಿ ಸಿಕ್ಕಿತೆಂದು ಸ್ಟೇಷನ್ ಕಳಿಸುವ ಕ್ಯೂಎಸ್‌ಎಲ್ ಕಾರ್ಡಿನ ಆಸೆಗೆ ಎಲ್ಲಕ್ಕೂ ಐದೈದು ಹಾಕಿ ಕಳಿಸುತ್ತಾರೆ. ಅದರಿಂದ ಎಂಜಿನಿಯರಿಗೆ ಏನೂ ತಿಳಿಯುವುದಿಲ್ಲ. ನಾಲ್ಕನೆಯ ಅಂಕಿಯನ್ನು ಕೇಳಿದ್ದು ಕೇಳಿದ ಹಾಗೆ ಹಾಕಿ, ಪಕ್ಕದಲ್ಲಿ ದಿನಾಂಕ, ಗಂಟೆ, ಬ್ಯಾಂಡು, ದನಿ ಎಷ್ಟೆಷ್ಟು ಹೊತ್ತಿಗೆ ಇಳಿಯಿತು, ಒಡೆಯಿತೋ ಬರೀ ಇಳಿಯಿತೋ ಎಂದು ಎರಡು ಸಾಲು ಬರೆಯಿರಿ. ಬಳಸಿದ ಏರಿಯಲ್ ಯಾವುದೆಂದು ಸೇರಿಸಲು ಮರೆಯಬೇಡಿ.